ಹದಿಮೂರು ರಾಜ್ಯಗಳ ಸಾಲ

ಬೀಸ್ಟನ್, ನಾಟಿಂಗ್‌ಹ್ಯಾಮ್
೧೯ ಸೆಪ್ಟೆಂಬರ್ ೨೦೧೪, ಶುಕ್ರವಾರ

ಮಾನ್ಯ ಕಾಶೀಬಾಯಿಯವರಿಗೆ,
ವಾಸಂತಿಯ ನಮಸ್ಕಾರಗಳು.

ಸಂಜೆ ಐದು ಗಂಟೆ. ಬೆಳಿಗ್ಗೆ ಕೌನ್ಸಿಲ್‌ಗೆ, ಅಂದರೆ ಇಲ್ಲಿಯ ನಗರಸಭೆಗೆ, ಫೋನ್ ಮಾಡಿದೆ. ಮನೆಯಲ್ಲಿ ಒಬ್ಬರೇ ಇದ್ದರೆ ಕೌನ್ಸಿಲ್ ಟ್ಯಾಕ್ಸ್ ಸ್ವಲ್ಪ ಕಡಿಮೆಯಾಗುತ್ತದೆ, ಆದರೆ ಒಬ್ಬರೇ ಎಂದು ನಾವಾಗಿಯೇ ಹೇಳಬೇಕು. ಆ ಕಡೆಯ ಹೆಂಗಸು, "ಈಗ ನೀವೊಬ್ಬರೇನಾ, ಡಕ್?" ಎಂದು ಕೇಳಿದಳು. ಇಲ್ಲಿಯವರು ಅಕ್ಕರೆಗೆ ಹಾಗೆ ಎಲ್ಲರನ್ನೂ ಬಾತುಕೋಳಿ ಎನ್ನುತ್ತಾರೆ. ಹೌದು ಎಂದೆ. ಆಮೇಲೆ ಬಟ್ಟೆ ಒಗೆದು ಹರವಿದೆ. ಒಣಗಲಿಲ್ಲ. ಮಧ್ಯಾಹ್ನ ನಿಮ್ಮ ಪತ್ರ ಬಂತು.

ಲಕೋಟೆಯ ಮೇಲೆ 'ಸೌ. ವಾಸಂತಿ' ಎಂದು ಬರೆದಿದ್ದೀರಿ. ಕೈಗೆ ರೂಢಿಯಾಗಿ ಬಂದಿರಬೇಕು. ನಾನು ಬೇಸರ ಮಾಡಿಕೊಂಡಿಲ್ಲ, ನೀವೂ ಮಾಡಿಕೊಳ್ಳಬೇಡಿ.

ನಾವು ಭೇಟಿಯಾಗಿಲ್ಲ, ಆದರೆ ನಿಮ್ಮ ಹೆಸರು ಈ ಮನೆಯಲ್ಲಿ ನಾಲ್ಕು ವರ್ಷದಿಂದ ಇದೆ. ಡರ್ಬಿಯ ಎಂಜಿನಿಯರಿಂಗ್ ಕಚೇರಿಯಿಂದ ನಿವೃತ್ತರಾದ ಮೇಲೆ ನೀವು ನಡೆಸುವ ಮಕ್ಕಳ ಪುಸ್ತಕಮಾಲೆಗೆ ಬರೆಯುವುದೇ ನನ್ನ ಯಜಮಾನರ ಕೆಲಸವಾಗಿತ್ತು. ಧಾರವಾಡದ ಅಂಚೆ ಬಂದ ದಿನ ಕಾಫಿ ಆರಿಹೋದರೂ ಅವರಿಗೆ ಗೊತ್ತಾಗುತ್ತಿರಲಿಲ್ಲ. ಅಮೆರಿಕದ ಹದಿಮೂರು ರಾಜ್ಯಗಳು ಹೇಗೆ ಒಂದು ದೇಶವಾದವು ಎಂದು ನನಗೆ ಊಟದ ಹೊತ್ತಿನಲ್ಲಿ ಹೇಳುತ್ತಿದ್ದರು. ನಾನು ಅರ್ಧ ಕೇಳಿಸಿಕೊಳ್ಳುತ್ತಿದ್ದೆ.

ಆರು ಅಧ್ಯಾಯ ನಿಮಗೆ ತಲುಪಿವೆ, ಏಳನೆಯದು, ಯುದ್ಧದ ಸಾಲ ತೀರಿಸಿದ್ದು, ಬರೆದಿದ್ದಾರೆಯೇ ಎಂದು ಕೇಳಿದ್ದೀರಿ. ಇಲ್ಲದಿದ್ದರೆ ನಿಮ್ಮ ಅಚ್ಯುತ ಎನ್ನುವ ಲೆಕ್ಚರರ್ ಬರೆದುಕೊಡುತ್ತಾರೆ, ಆಗ ಪುಸ್ತಕದ ಮೇಲೆ ಇಬ್ಬರ ಹೆಸರೂ ಹಾಕಬೇಕಾಗುತ್ತದೆ ಎಂದಿದ್ದೀರಿ.

ಬರೆದಿದ್ದಾರೆ. ಕೊನೆಕೊನೆಗೆ ಅವರ ಅಕ್ಷರ ಕೆಟ್ಟಿತ್ತು, ಹಾಗಾಗಿ ನಾನು ಶುದ್ಧಪ್ರತಿ ಮಾಡಿ ಕಳಿಸುತ್ತೇನೆ. ನಾನು ಓದಿದ್ದು ಹಾಸನದಲ್ಲಿ, ಎಸ್ಸೆಸ್ಸೆಲ್ಸಿವರೆಗೆ, ಕನ್ನಡದಲ್ಲೇ. ಅಕ್ಷರ ದುಂಡಗಿದೆ. ಸ್ವಲ್ಪ ಸಮಯ ಕೊಡಿ. ಪುಸ್ತಕದ ಮೇಲೆ ಅವರೊಬ್ಬರ ಹೆಸರೇ ಇರಲಿ. ನಾನು ಕೇಳಿಕೊಳ್ಳುವುದು ಅದೊಂದೇ.

ಇಂತು,
ವಾಸಂತಿ


ಬೀಸ್ಟನ್
೨೦ ಸೆಪ್ಟೆಂಬರ್ ೨೦೧೪
(ಇದನ್ನು ಅಂಚೆಗೆ ಹಾಕಲಿಲ್ಲ)

ಕಾಶೀಬಾಯಿಯವರಿಗೆ,

ಮಧ್ಯಾಹ್ನ ಎರಡು. ನಿನ್ನೆಯ ಪತ್ರವನ್ನು ಬೆಳಿಗ್ಗೆ ಹಾಕಿಬಂದೆ. ಹಾಕಿದ ಮೇಲೆ ಡಬ್ಬದ ಪಕ್ಕದಲ್ಲೇ ನಿಂತಿದ್ದೆ. ಹಿಂದೆ ನಿಂತಿದ್ದವರು, ಏನಾದರೂ ಮರೆತಿರಾ ಎಂದು ಕೇಳಿದರು.

ಏಳನೇ ಅಧ್ಯಾಯ ಇಲ್ಲ. ಒಂದೂವರೆ ಪುಟ ಇದೆ. ಮೇಲೆ ಇಂಗ್ಲಿಷಿನಲ್ಲಿ ಒಂದೇ ಪದ, ಅಸಂಪ್ಷನ್ ಎಂದು. ಮೇಜಿನ ಮೇಲೆ ಲೈಬ್ರರಿಯ ಮೂರು ಪುಸ್ತಕ, ಅಲ್ಲಲ್ಲಿ ಬಸ್ ಟಿಕೆಟ್ ಸಿಕ್ಕಿಸಿ ಗುರುತು ಮಾಡಿದ್ದಾರೆ. ಗುರುತು ಮಾಡಿದ ಪುಟಗಳನ್ನು ನಾನು ಓದುತ್ತೇನೆ. ನನ್ನ ಇಂಗ್ಲಿಷ್ ನಿಧಾನ, ಆದರೆ ಇಲ್ಲಿಯ ಶಾಲೆಯ ಅಡುಗೆಮನೆಯಲ್ಲಿ ಇಷ್ಟು ವರ್ಷ ಕೆಲಸ ಮಾಡಿ ಅಷ್ಟು ಬಂದಿದೆ. ಅವರು ಹೇಳುತ್ತಿದ್ದ ಹಾಗೆಯೇ ಬರೆದರೆ ಅದು ಅವರದೇ ಆಗುತ್ತದಲ್ಲವೇ?

ಇನ್ನೊಬ್ಬರ ಹೆಸರು ಪಕ್ಕದಲ್ಲಿ ಬಂದರೆ ಅವರು ಕೆಲಸ ಅರ್ಧಕ್ಕೆ ಬಿಟ್ಟು ಹೋದರು ಎಂದು ಅಚ್ಚು ಹಾಕಿದ ಹಾಗೆ. ಯಾವುದನ್ನೂ ಅರ್ಧಕ್ಕೆ ಬಿಟ್ಟವರಲ್ಲ ಅವರು. ಬೇಲಿಗೆ ಬಣ್ಣ ಹಚ್ಚಲು ಕೂತರೆ ಪಕ್ಕದ ಮನೆಯವರ ಬೇಲಿಗೂ ಹಚ್ಚಿ ಬರುತ್ತಿದ್ದರು.


ಧಾರವಾಡ
೧೧ ಅಕ್ಟೋಬರ್ ೨೦೧೪

ಶ್ರೀಮತಿ ವಾಸಂತಿಯವರಿಗೆ,

ಮೊದಲು ಲಕೋಟೆಯ ವಿಷಯ. ಪೆನ್ನು ಹಿಡಿದರೆ ನನ್ನ ಕೈ ತಾನೇ ಬರೆಯುತ್ತದೆ, ತಲೆಯನ್ನು ಕೇಳುವುದಿಲ್ಲ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿ ಬಂದ ರೋಗ. ಕ್ಷಮಿಸಿ.

ನಿಮ್ಮ ಪತ್ರ ಓದಿದೆ. ಅಧ್ಯಾಯ ಇದೆ ಎಂದಿದ್ದೀರಿ, ಸಂತೋಷ. ಅವಸರವಿಲ್ಲ. ಶುದ್ಧಪ್ರತಿ ಮಾಡುವಾಗ ಸಂಶಯ ಬಂದರೆ ಬರೆದು ಕೇಳಿ. ನಿಮ್ಮ ರಾಯರು ಕೇಳುತ್ತಿದ್ದರು. ಒಂದು ಶಬ್ದಕ್ಕೆ ನಾಲ್ಕು ಪತ್ರ ಬರೆದದ್ದೂ ಉಂಟು.

ಅಚ್ಯುತ ನನ್ನ ಮೈದುನನ ಮಗ, ಒಳ್ಳೆಯ ಹುಡುಗ, ಆದರೆ ತಾಳ್ಮೆ ಸಾಲದು. ಮೊನ್ನೆ ಬಂದವನು, "ಕಾಕೂ, ಎಂಟು ದಿನದಾಗ ನಾ ಬರದು ಒಗೀತೀನಿ. ಸತ್ತವರ ದಾರಿ ಎಷ್ಟು ದಿನಾ ಅಂತ ನೋಡ್ತೀರಿ?" ಎಂದ. "ಇದ್ದವರ ದಾರಿ ನೋಡ್ಲಿಕ್ಕೆ ಹತ್ತೇನಿ, ನೀ ಚಹಾ ಕುಡಿ" ಎಂದೆ. ಅವನಿಗೆ ತಿಳಿಯಲಿಲ್ಲ.

ಸಂಕ್ರಾಂತಿಯ ತನಕ ಪ್ರೆಸ್ಸಿನವರನ್ನು ತಡೆಯಬಲ್ಲೆ. ಆಮೇಲೆ ಶಾಲೆಗಳಿಗೆ ಪುಸ್ತಕ ಕೊಡುವ ಕಾಲ.

ನೀವು ಸರಿಯಾಗಿ ಊಟ ಮಾಡುತ್ತಿದ್ದೀರೆಂದು ನಂಬಿದ್ದೇನೆ.

ಕಾಶೀಬಾಯಿ


ಬೀಸ್ಟನ್
೧೪ ಡಿಸೆಂಬರ್ ೨೦೧೪, ಭಾನುವಾರ

ಮಾನ್ಯ ಕಾಶೀಬಾಯಿಯವರಿಗೆ,
ನಮಸ್ಕಾರಗಳು.

ಮಧ್ಯಾಹ್ನ ನಾಲ್ಕಾಗುತ್ತಿದೆ, ಆಗಲೇ ಕತ್ತಲು. ಇವತ್ತು ಭುವನ್ ಬಂದು ಹೋದ. ನಮ್ಮ ಮಗ. ಮೀಡಿಯಾಸಿಟಿ ಎನ್ನುವ ಟಿವಿ ಕಚೇರಿಗಳ ಜಾಗದಲ್ಲಿ ಕೆಲಸ, ಇರುವುದೂ ಸ್ಯಾಲ್ಫರ್ಡ್‌ನಲ್ಲೇ. ಅವನಿಗೆ ಮಾಡಿದ ಪಲ್ಯ ಉಳಿದಿದೆ. ರಾತ್ರಿ ಅದೇ ಆಗುತ್ತದೆ, ನಾಳೆಯೂ ಆಗಬಹುದು. ಒಬ್ಬರಿಗೆ ಎಷ್ಟು ಅಕ್ಕಿ ಎನ್ನುವುದು ನನಗೆ ಇನ್ನೂ ಕೈಗೆ ಹತ್ತಿಲ್ಲ.

ಈ ಪತ್ರದ ಜೊತೆ ಏಳನೇ ಅಧ್ಯಾಯ ಇಟ್ಟಿದ್ದೇನೆ. ತಡವಾಯಿತು. ಬರೆದಿದ್ದನ್ನು ನಕಲು ಮಾಡುವುದೂ ನಿಧಾನದ ಕೆಲಸ ಎಂದು ನನಗೆ ಗೊತ್ತಿರಲಿಲ್ಲ.

ಒಂದು ಸಂಶಯ ಕೇಳಬೇಕು. ಮೇಲಿನ ಶೀರ್ಷಿಕೆ ಇಂಗ್ಲಿಷಿನಲ್ಲಿತ್ತು, ಅಸಂಪ್ಷನ್ ಎಂದು. ಕನ್ನಡದಲ್ಲಿ ಏನು ಬರೆದಿದ್ದಾರೆಂದು ಸರಿಯಾಗಿ ಕಾಣದೆ ಭುವನ್‌ಗೆ ಫೋನ್ ಮಾಡಿದೆ. ಅವನು ಮೀಟಿಂಗ್‌ನಲ್ಲಿದ್ದ. "ಅಮ್ಮ, ಪ್ರೂಫ್ ಇಲ್ದೆ ಸುಮ್ನೆ ಸಪೋಸ್ ಮಾಡೋದು, ದಟ್ಸ್ ಆಲ್" ಎಂದ. ಡಿಕ್ಷನರಿಯಲ್ಲೂ ಊಹೆ, ಭಾವಿಸುವುದು ಎಂದಿತ್ತು. ಹಾಗಾಗಿ 'ರಾಜ್ಯಗಳ ಸಾಲದ ಊಹೆ' ಎಂದು ಬರೆದಿದ್ದೇನೆ. ಅವರು ಬರೆದದ್ದೂ ಅದೇ ಇರಬೇಕು. ಯುದ್ಧದಲ್ಲಿ ಒಂದೊಂದು ರಾಜ್ಯವೂ ತನ್ನ ಜನರಿಂದ ಸಾಲ ಮಾಡಿ ಸಿಪಾಯಿಗಳಿಗೆ ಸಂಬಳ, ಧಾನ್ಯ, ಕಂಬಳಿ ಕೊಟ್ಟಿತ್ತು. ಕಾಗದಪತ್ರ ಎಷ್ಟೋ ಕಡೆ ಸುಟ್ಟು ಕಳೆದುಹೋಗಿದ್ದವು. ಆದ್ದರಿಂದ ಹೊಸ ಒಕ್ಕೂಟ ಸರ್ಕಾರ ಸಾಲ ಇಷ್ಟಿರಬಹುದೆಂದು ಊಹೆ ಮಾಡಿತು. ಅದು ಹೊಂದುತ್ತದೆ. ಆದರೆ ಬರೀ ಊಹೆಗೆ ಸಂಸತ್ತಿನಲ್ಲಿ ತಿಂಗಳುಗಟ್ಟಲೆ ಜಗಳ ಏಕಾಯಿತೋ ನನಗೆ ತಿಳಿಯಲಿಲ್ಲ. ಭುವನ್‌ನನ್ನು ಕೇಳಿದರೆ, "ಪೊಲಿಟೀಶಿಯನ್ಸ್, ಅಮ್ಮ" ಎಂದು ನಕ್ಕ.

ನನಗೆ ಹಿಡಿಸಿದ ಮಾತು ಕೊನೆಯಲ್ಲಿದೆ. ಯಾವ ರಾಜ್ಯ ಎಷ್ಟು ಕೊಟ್ಟಿತ್ತು ಎಂದು ನೋಡಲು ಕೂತ ಅಧಿಕಾರಿಗಳಿಗೆ, ರಸೀದಿ ಇಲ್ಲದಿದ್ದರೂ ನ್ಯಾಯ ಎಂದು ಕಂಡರೆ ಒಪ್ಪಿಕೊಳ್ಳಬಹುದೆಂದು ಕಾನೂನೇ ಅವಕಾಶ ಕೊಟ್ಟಿತ್ತಂತೆ. ಅದನ್ನು ಎರಡು ಸಲ ಓದಿದೆ.

ಅಧ್ಯಾಯ ಕಳಿಸಿದರೆ ಮೇಜು ಖಾಲಿಯಾಗುತ್ತದೆ. ಲೈಬ್ರರಿಯ ಪುಸ್ತಕಗಳನ್ನೂ ಕೊಟ್ಟುಬರಬೇಕು.

ವಾಸಂತಿ


ಧಾರವಾಡ
೯ ಜನವರಿ ೨೦೧೫

ಪ್ರೀತಿಯ ವಾಸಂತಿಯವರಿಗೆ,

ಅಧ್ಯಾಯ ಓದಿದೆ. ಮುಚ್ಚುಮರೆ ಮಾಡದೆ ಬರೆಯುತ್ತೇನೆ, ತಪ್ಪು ತಿಳಿಯಬೇಡಿ.

ಇದು ರಾಯರು ಬರೆದದ್ದಲ್ಲ, ನೀವು ಬರೆದದ್ದು. ಅಸಂಪ್ಷನ್ ಎಂದರೆ ಇಲ್ಲಿ ಊಹೆಯಲ್ಲ. ಇನ್ನೊಬ್ಬರ ಭಾರವನ್ನು ತನ್ನ ಮೇಲೆ ಹೊತ್ತುಕೊಳ್ಳುವುದು. ರಾಜ್ಯಗಳ ಸಾಲವನ್ನೆಲ್ಲ ಒಕ್ಕೂಟ ಸರ್ಕಾರ ತಾನು ಹೊತ್ತುಕೊಂಡಿತು, ಆಗಲೇ ಬಹುಪಾಲು ತೀರಿಸಿದ್ದ ರಾಜ್ಯಗಳಿಗೆ ಅದು ಅನ್ಯಾಯ ಎನಿಸಿತು. ಜಗಳ ಅದಕ್ಕೆ. ಈ ಶಬ್ದದ ಮೇಲೆ ರಾಯರೂ ನಾನೂ ಒಂದು ಇಡೀ ಬೇಸಿಗೆ ವಾದ ಮಾಡಿದ್ದೇವೆ. 'ಹೊಣೆ ವಹಿಸುವಿಕೆ' ಎಂದು ಅವರು, 'ಹೊತ್ತುಕೊಳ್ಳುವುದು' ಎಂದು ನಾನು. ಮಕ್ಕಳಿಗೆ ತಿಳಿಯುವುದು ಹೊರುವುದು, ವಹಿಸುವುದಲ್ಲ ಎಂದು ಕೊನೆಗೆ ಅವರೇ ಸೋತರು.

ಊಹೆಯನ್ನು ತಿದ್ದಿದರೆ ಸಾಕು, ಉಳಿದದ್ದು ನಿಲ್ಲುತ್ತದೆ. ಮುಖ್ಯವಾಗಿ ಆ ಪಾತ್ರೆಯ ಪ್ಯಾರಾ. ಸಂಘದ ಹಬ್ಬದೂಟ ಮುಗಿದ ಮೇಲೆ ಒಬ್ಬಳು ತನ್ನ ಪಾತ್ರೆಗಳನ್ನು ತೊಳೆದು, ಒರೆಸಿ, ಚೀಲಕ್ಕೆ ಹಾಕಿ ಹೊರಟಿದ್ದಾಳೆ, ಅಷ್ಟರಲ್ಲಿ ಯಾರೋ 'ಇನ್ನು ಎಲ್ಲರ ಪಾತ್ರೆಯನ್ನೂ ಎಲ್ಲರೂ ಸೇರಿ ತೊಳೆಯೋಣ' ಎನ್ನುತ್ತಾರೆ, ವರ್ಜೀನಿಯಾಕ್ಕೆ ಹಾಗಾಯಿತು ಎಂದು ಬರೆದಿದ್ದೀರಿ. ಊಹೆ ಎಂದು ಹೆಸರಿಟ್ಟುಕೊಂಡೂ ಒಳಗಿನ ಜಗಳವನ್ನು ನೀವು ಸರಿಯಾಗಿಯೇ ಹಿಡಿದಿದ್ದೀರಿ. ಅಚ್ಯುತ ಓದಿ ನಕ್ಕು, "ವರ್ಜೀನಿಯಾದಾಕಿ ಸಿಟ್ಟಿಗೇಳೂದು ಬರೋಬ್ಬರಿ ಅದ ಬಿಡ್ರಿ" ಎಂದ. ರಾಯರು ಜನ್ಮದಲ್ಲಿ ಪಾತ್ರೆ ತೊಳೆದವರಲ್ಲವೆಂದು ನಾನು ನೋಡದೆಯೂ ಹೇಳಬಲ್ಲೆ.

ನಿಜ ಹೇಳಬೇಕೆಂದರೆ, ಏಳನೇ ಅಧ್ಯಾಯ ಇಲ್ಲವೆಂದು ನನಗೆ ಮೊದಲಿನಿಂದ ಗೊತ್ತಿತ್ತು. ಕಳೆದ ಮಾರ್ಚಿನಲ್ಲೇ ರಾಯರು ಬರೆದಿದ್ದರು: ಆಸ್ಪತ್ರೆಯವರು ಹೆಚ್ಚು ಕಾಲ ಕೊಟ್ಟಿಲ್ಲ, ಏಳನೆಯದು ನನ್ನಿಂದಾಗದು, ಅಚ್ಯುತನಿಗೆ ಒಪ್ಪಿಸಿ ಎಂದು. ಆ ದಿನಗಳು ನಿಮಗೂ ಎಷ್ಟು ಕಷ್ಟವಾಗಿದ್ದವೋ. ಆದರೂ ಒಂದೆರಡು ಪುಟವಾದರೂ ಬರೆದಿರಬಹುದೆಂದು ಸೆಪ್ಟೆಂಬರಿನಲ್ಲಿ ನಿಮ್ಮನ್ನು ಕೇಳಿದೆ. ಇದೆ, ಪೂರ್ತಿ ಇದೆ ಎಂದು ನೀವು ಬರೆದಾಗ ಬೇರೇನೂ ಹೇಳಲು ಮನಸ್ಸಾಗಲಿಲ್ಲ. ಬರೆಯಲಿ ಎಂದುಕೊಂಡೆ. ನನ್ನ ಯಜಮಾನರು ಹೋದ ವರ್ಷ ನಾನು ಕೋಣೆಯ ಗೋಡೆಗಳನ್ನು ನೋಡುತ್ತ ಕೂತಿದ್ದೆ. ನನಗೆ ಯಾರೂ ಕೆಲಸ ಕೊಡಲಿಲ್ಲ.

ಪುಸ್ತಕ ರಾಯರೊಬ್ಬರ ಹೆಸರಿನಲ್ಲೇ ಬರುತ್ತದೆ. ನಾನು ಯಾರಿಗೂ ಹೇಳುವುದಿಲ್ಲ, ಅಚ್ಯುತನ ಬಾಯಿಯನ್ನೂ ಕಟ್ಟಿದ್ದೇನೆ. ನೀವು ಹೂಂ ಎಂದು ಒಂದು ಸಾಲು ಬರೆದರೆ ಪ್ರೆಸ್ಸಿಗೆ ಕೊಡುತ್ತೇನೆ.

ನಿಮ್ಮ
ಕಾಶೀಬಾಯಿ


ಧಾರವಾಡ
೧೨ ಮಾರ್ಚ್ ೨೦೧೫

ಪ್ರೀತಿಯ ವಾಸಂತಿಯವರಿಗೆ,

ಎರಡು ತಿಂಗಳಾಯಿತು, ನಿಮ್ಮಿಂದ ಪತ್ರವಿಲ್ಲ. ಅಂಚೆ ತಪ್ಪಿತೋ ಎಂದು ಮೊದಲು ಅಂದುಕೊಂಡೆ. ನಾಚಿಕೆಯಿಂದ ಸುಮ್ಮನಾಗಿದ್ದೀರೆಂದು ಈಗ ಅನ್ನಿಸುತ್ತಿದೆ. ಅದರ ಅಗತ್ಯವಿಲ್ಲ. ನೀವು ಮಾಡಿದ್ದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಮಾಸ್ತರಿಕೆಯ ದನಿಯಲ್ಲಿ ತಪ್ಪು ತೋರಿಸಿದೆ, ನೋವಾಗಿದ್ದರೆ ಮನ್ನಿಸಿ.

ಸಂಕ್ರಾಂತಿ ಹೋಯಿತು, ಪ್ರೆಸ್ಸಿನವರು ಬೇರೆ ಕೆಲಸ ಹಿಡಿದರು. ಪುಸ್ತಕ ಈ ವರ್ಷದ ಶಾಲೆಗಳಿಗೆ ಸಿಗುವುದಿಲ್ಲ. ಚಿಂತೆಯಿಲ್ಲ, ನಿಮ್ಮ ಮಾತು ಬಂದ ಮೇಲೆಯೇ ಅಚ್ಚಿಗೆ ಕೊಡುತ್ತೇನೆ. ಎರಡು ಸಾಲು ಬರೆಯಿರಿ, ಪುಸ್ತಕದ ಬಗ್ಗೆ ಇಲ್ಲದಿದ್ದರೂ ಆದೀತು.

ಕಾಶೀಬಾಯಿ


ಬೀಸ್ಟನ್
೩ ಮೇ ೨೦೧೫, ಭಾನುವಾರ

ಕಾಶೀಬಾಯಿಯವರೇ,

ಸಂಜೆ ಆರು, ಇನ್ನೂ ಬಿಸಿಲಿನ ಬೆಳಕಿದೆ. ಬೆಳಿಗ್ಗೆ ಹಿತ್ತಲಿನ ಹುಲ್ಲು ಕತ್ತರಿಸಿದೆ. ಯಂತ್ರ ಶುರುಮಾಡುವುದು ಈಗ ಗೊತ್ತಾಗಿದೆ. ಮಧ್ಯಾಹ್ನ ಹೈ ರೋಡ್ ತನಕ ನಡೆದೆ. ಇಲ್ಲಿ ಹೊಸ ಟ್ರಾಮ್ ದಾರಿ ಮುಗಿಯುತ್ತ ಬಂದಿದೆ. ಜನರನ್ನು ಹತ್ತಿಸುವುದಕ್ಕೆ ಮೊದಲು ಖಾಲಿ ಟ್ರಾಮ್ ಓಡಿಸಿ ನೋಡುತ್ತಿದ್ದಾರೆ. ಒಳಗೆಲ್ಲ ದೀಪ ಹೊತ್ತಿಸಿಕೊಂಡು ಬರುತ್ತದೆ, ಒಂದೊಂದು ನಿಲ್ದಾಣದಲ್ಲೂ ನಿಂತು, ಬಾಗಿಲು ತೆರೆದು ಮುಚ್ಚಿ, ಮುಂದೆ ಹೋಗುತ್ತದೆ. ಸ್ವಲ್ಪ ಹೊತ್ತು ನೋಡುತ್ತ ನಿಂತೆ.

ನಾನು ನಾಚಿಕೆಯಿಂದ ಸುಮ್ಮನಾಗಲಿಲ್ಲ. ನಿಮ್ಮ ಜನವರಿಯ ಪತ್ರದಲ್ಲಿ ನನಗೆ ತಾಗಿದ್ದು ಊಹೆಯ ಮಾತಲ್ಲ, ಮಾರ್ಚಿನ ಮಾತು.

ಅವರು ನನಗೆ ಹೇಳಿದ್ದು ಜೂನ್‌ನಲ್ಲಿ. ಅದೂ ಇಲ್ಲಿಯ ಕ್ಲಿನಿಕ್ಕಿನ ಕೋಣೆಯಲ್ಲಿ, ಡಾಕ್ಟರೇ ಬಾಯಿಬಿಟ್ಟಿದ್ದರಿಂದ. ಅಲ್ಲಿಯವರೆಗೆ ಹೊಟ್ಟೆಯಲ್ಲಿ ಉರಿ, ವಯಸ್ಸಾಯಿತು ಎನ್ನುತ್ತಿದ್ದರು. ನಿಮಗೆ ಮಾರ್ಚಿನಲ್ಲೇ ಗೊತ್ತಿತ್ತು. ನನಗೂ ಗೊತ್ತಿರುತ್ತದೆಂದು ನೀವು ಅಂದುಕೊಂಡಿರಿ, ಅದರಲ್ಲಿ ನಿಮ್ಮ ತಪ್ಪಿಲ್ಲ. ಇದು ಈಗ ಹೇಳುವ ಮಾತು. ಆಗ ನಿಮ್ಮ ಮೇಲೆ ಬಹಳ ಸಿಟ್ಟು ಬಂತು. ಅವರ ಮೇಲೆ ಮಾಡಿಕೊಳ್ಳಲು ಆಗದ್ದನ್ನು ನಿಮ್ಮ ಮೇಲೆ ಮಾಡಿಕೊಂಡೆ. ನಿಮ್ಮ ಪತ್ರಗಳನ್ನು ಎಸೆಯಬೇಕೆಂದು ಎತ್ತಿಕೊಂಡೆ, ಎಸೆಯಲಿಲ್ಲ.

ಮಾರ್ಚಿನಿಂದ ಜೂನ್‌ವರೆಗಿನ ದಿನಗಳನ್ನೆಲ್ಲ ತಿರುಗಿ ತಿರುಗಿ ನೋಡಿದೆ. ಆ ಏಪ್ರಿಲ್‌ನಲ್ಲಿ ಸಮುದ್ರ ನೋಡೋಣ ಎಂದು ಅವರೇ ಹೊರಡಿಸಿ ಸ್ಕೆಗ್‌ನೆಸ್‌ಗೆ ಕರೆದುಕೊಂಡು ಹೋಗಿದ್ದರು. ಗಾಳಿ ಜೋರಾಗಿತ್ತು. ಅವರು ಹಿಂದೆ ಹಿಂದೆ ಉಳಿಯುತ್ತಿದ್ದರು. "ಏನ್ರೀ, ದಿಬ್ಬಣದ ಥರ ನಡೀತೀರಲ್ಲ, ಬಸ್ಸು ಹೋಗತ್ತೆ" ಎಂದು ರೇಗಿದೆ.

"ನೀನು ನಡಿ ವಾಸಂತಿ. ನಾನು ನಿನ್ನ ನೋಡ್ಕೊಂಡು ಬರ್ತೀನಿ" ಎಂದರು.

ಆಗ ನಗು ಬಂದಿತ್ತು. ಈ ವಯಸ್ಸಿನಲ್ಲಿ ಇದೇನು ಮಾತು ಎಂದು ಬೈದೆ ಕೂಡ. ಈಗ ಆ ಮಾತನ್ನು ಎಲ್ಲಿಡಬೇಕೋ ತಿಳಿಯುತ್ತಿಲ್ಲ.

ಭುವನ್‌ಗೂ ಗೊತ್ತಿರಲಿಲ್ಲ. ಫೆಬ್ರವರಿಯಲ್ಲಿ ಬಂದಾಗ ಹೇಳಿದೆ, ನಿಮ್ಮಪ್ಪ ಧಾರವಾಡದವರಿಗೆ ಹೇಳಿದ್ದರಂತೆ, ನಮಗಲ್ಲ ಎಂದು. ಚಿಕ್ಕಂದಿನಿಂದಲೂ ನಾನು ಕನ್ನಡದಲ್ಲಿ ಕೇಳಿದರೆ ಅವನು ಇಂಗ್ಲಿಷ್ ಬೆರೆಸಿಯೇ ಉತ್ತರ ಕೊಡುವುದು. ಅವತ್ತು ಪೂರ್ತಿ ಕನ್ನಡದಲ್ಲಿ, ಹುಡುಕಿ ಹುಡುಕಿ ಹೇಳಿದ: "ಯಾರಿಗಾದ್ರೂ ಹೇಳಿದ್ರಲ್ಲ, ಅಮ್ಮ. ಯಾರಿಗೂ ಹೇಳ್ದೆ ಇದ್ದಿದ್ರೆ?"

ಅದನ್ನು ನಾನು ಯೋಚಿಸಿರಲಿಲ್ಲ. ಅವರು ಅಷ್ಟು ದಿನ ಅದನ್ನು ಒಬ್ಬರೇ ಹೊತ್ತುಕೊಂಡು ನನ್ನ ಎದುರು ಕೂತು ಊಟ ಮಾಡಿದ್ದಾರೆ, ಹದಿಮೂರು ರಾಜ್ಯಗಳ ಕಥೆ ಹೇಳಿದ್ದಾರೆ. ನನಗೆ ಹೇಳಬೇಕಾಗಿತ್ತು. ಅರ್ಧ ನಾನೂ ಹೊರುತ್ತಿದ್ದೆ. ನನ್ನ ಕೈಯಲ್ಲಿ ಆಗುವುದಿಲ್ಲ ಎಂದುಕೊಂಡರೇನೋ, ಅದು ಮಾತ್ರ ಅವರ ಊಹೆ. ಇದರಲ್ಲಿ ನನಗೆ ಇನ್ನೂ ಸಮಾಧಾನವಿಲ್ಲ, ಆಗುತ್ತದೆಂದೂ ಹೇಳಲಾರೆ. ನೀವು ಅವರಿಗೆ ಉತ್ತರ ಬರೆದಿರಬೇಕು. ಏನು ಬರೆದಿರಿ ಎಂದು ನಾನು ಕೇಳುವುದಿಲ್ಲ. ಬರೆದಿದ್ದರೆ ಒಳ್ಳೆಯದು.

ಲೈಬ್ರರಿಯಿಂದ ಆ ಪುಸ್ತಕಗಳನ್ನು ಮತ್ತೆ ತಂದು ಅಧ್ಯಾಯವನ್ನು ಮೊದಲಿನಿಂದ ಬರೆದೆ. ಹೊತ್ತುಕೊಳ್ಳುವುದು ಎಂದೇ ಹಾಕಿದ್ದೇನೆ. ಜಗಳ ಏಕಾಯಿತೆಂದು ಈಗ ನನಗೂ ತಿಳಿಯುತ್ತದೆ. ಪಾತ್ರೆಯ ಪ್ಯಾರಾ ಹಾಗೆಯೇ ಇದೆ. ಕೊನೆಯನ್ನು ಬದಲಿಸಿದೆ. ಅಧಿಕಾರಿಗಳು ಲೆಕ್ಕ ಮುಗಿಸಿದಾಗ ಕೆಲವು ರಾಜ್ಯಗಳಿಗೆ ಒಕ್ಕೂಟವೇ ಕೊಡಬೇಕಾಗಿತ್ತು, ಕೊಟ್ಟಿತು. ಇನ್ನು ಕೆಲವು ರಾಜ್ಯಗಳು ಒಕ್ಕೂಟಕ್ಕೆ ಕೊಡಬೇಕಾಗಿತ್ತು, ಆ ಬಾಕಿಯಲ್ಲಿ ಬಹುಪಾಲು ಎಂದೂ ಬರಲಿಲ್ಲ. ಹಾಗಿದ್ದೂ ಎಲ್ಲರೂ ಒಂದೇ ದೇಶವಾಗಿ ಉಳಿದರು. ಮಕ್ಕಳಿಗೆ ಇದು ಅನ್ಯಾಯ ಎನ್ನಿಸಬಹುದು. ಅನ್ನಿಸಲಿ, ಇದ್ದದ್ದು ಹಾಗೆ.

ಇನ್ನು ಹೆಸರಿನ ವಿಷಯ. ಅವರೊಬ್ಬರ ಹೆಸರೇ ಇರಲಿ ಎಂದು ನಾನೇ ಕೇಳಿಕೊಂಡಿದ್ದೆ, ನೀವು ಒಪ್ಪಿದ್ದೀರಿ. ಈಗ ಬೇಡ ಎನ್ನುತ್ತಿದ್ದೇನೆ. ಆರು ಅಧ್ಯಾಯ ಅವರದು. ಏಳನೆಯದು ನನ್ನಿಂದಾಗದು ಎಂದು ಅವರು ತಾವಾಗಿ ನಿಮಗೆ ಹೇಳಿದ್ದಾರೆ. ಆಗದು ಎಂದವರ ಹೆಸರಿಗೆ ನಾನು ಆಯಿತು ಎಂದು ಬರೆಯಬಾರದು. ಅವರ ಕಷ್ಟವನ್ನೇ ಅಳಿಸಿದ ಹಾಗಾಗುತ್ತದೆ. ಏಳನೆಯದರ ಕೆಳಗೆ ನನ್ನ ಹೆಸರು ಹಾಕಿ. ವಾಸಂತಿ ಎಂದಷ್ಟೇ ಸಾಕು. ತಪ್ಪಿದ್ದರೆ ಓದಿದವರು ನನ್ನನ್ನೇ ಬೈಯಲಿ.

ಈ ಸಲದ್ದು ಶುದ್ಧಪ್ರತಿಯಲ್ಲ, ಹೊಡೆದುಹಾಕಿದ ಸಾಲುಗಳಿವೆ. ಹಾಗೆಯೇ ಕಳಿಸುತ್ತಿದ್ದೇನೆ. ತೂಕ ಹೆಚ್ಚಿದೆ, ಡಬ್ಬಕ್ಕೆ ಹಾಕಲು ಬರುವುದಿಲ್ಲ, ಕೌಂಟರಿನಲ್ಲೇ ಕೊಡಬೇಕು. ನಾಳೆ ಬ್ಯಾಂಕ್ ಹಾಲಿಡೇ. ಊರಿಗೆಲ್ಲ ರಜೆ, ಅಂಚೆ ಕಚೇರಿ ತೆರೆಯುವುದಿಲ್ಲ. ಮಂಗಳವಾರ ಕೊಟ್ಟುಬರುತ್ತೇನೆ.

ವಾಸಂತಿ